ಒಂದು ಅಂದರೆ ಸರಿ, ಎರಡು ಅಂದರೆ ಉಪ್ಪು

ಜನವರಿ 9

ಅಮ್ಮನನ್ನು ಇವತ್ತು ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಲಕ್ವ ಅವಳ ಬಲಗೈ, ಬಲಗಾಲು, ಮಾತು ಮೂರನ್ನೂ ಕೊಂಡೊಯ್ದಿದೆ. ಕಣ್ಣು ಮಾತ್ರ ಮೊದಲಿನ ಹಾಗೇ ಗದರುತ್ತದೆ. ಡಾಕ್ಟರು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ ಎಂದರು. ದಿನಕ್ಕೆ ಎಷ್ಟು ಚಮಚ ಒಳಗೆ ಹೋಯಿತು, ಕೆಮ್ಮಿದಳೋ ಇಲ್ಲವೋ ಬರೆದಿಡಬೇಕಂತೆ. ತಮ್ಮ ಹೋಗಿ ಇನ್ನೂರು ಪುಟದ್ದು ತಂದ.

"ಇಷ್ಟು ದಪ್ಪದ್ದು ಯಾಕೋ?" ಎಂದೆ.

"ಅಮ್ಮ ತುಂಬಾ ದಿನ ಊಟ ಮಾಡಲಿ ಅಂತ" ಎಂದ. ಅವನ ಮುಖ ನೋಡಲಾರದೆ ಪುಸ್ತಕಕ್ಕೆ ರಟ್ಟು ಹಾಕುತ್ತಾ ಕೂತೆ.

ಚಮಚ: ನಾಲ್ಕು. ಕೆಮ್ಮಿದಳು.

ಜನವರಿ 12

ಚಮಚ: ಎರಡು. ಅದನ್ನೂ ಉಗಿದಳು.

ಆಸ್ಪತ್ರೆಯವರು ಹೇಳಿದ ಹಾಗೆ ಅನ್ನ ಅರೆದು, ನೀರು ಮಾಡಿ, ಉಪ್ಪಿಲ್ಲದೆ ಕೊಟ್ಟೆ. ಮೂವತ್ತು ವರ್ಷ ಆಸ್ಪತ್ರೆಯ ಅಡುಗೆಮನೆಯಲ್ಲೇ ಸೌಟು ಹಿಡಿದು ನಿಂತವಳಿಗೆ ಗಂಜಿಯ ಪಾಠ ಹೇಳಲು ಹೋದರೆ ಇನ್ನೇನಾಗುತ್ತದೆ! ನನ್ನ ಮೈಮೇಲೆಯೇ ಉಗಿದಳು. ಕಾರ್ಖಾನೆಗೆ ಒಂದು ತಿಂಗಳ ರಜೆ ಬರೆದುಕೊಟ್ಟಿದ್ದೇನೆ. ಗಂಡ ಮಕ್ಕಳ ತಾಪತ್ರಯವಿಲ್ಲದವಳು ನೀನೇ ತಾನೇ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರೂ ನನ್ನ ಕಡೆ ನೋಡಿದರು ಅಷ್ಟೆ. ನೋಡದಿದ್ದರೂ ನಾನು ಬೇರೆಯವರ ಕೈಗೆ ಬಿಡುತ್ತಿರಲಿಲ್ಲ, ಅದು ಬೇರೆ ಮಾತು.

ಜನವರಿ 15

ಚಮಚ: ಹದಿನಾಲ್ಕು! ಕೆಮ್ಮಿಲ್ಲ!

ಆಸ್ಪತ್ರೆಯ ಚೀಟಿಯನ್ನು ಮಡಚಿಟ್ಟು ಕ್ಯಾರೆಟ್, ಬಾರ್ಲಿ, ಒಂದು ತುಂಡು ಶುಂಠಿ ಬೇಯಿಸಿ, ಅರೆದು, ಸೋಸಿ, ಮಂದಗೆ ಸೂಪು ಮಾಡಿದೆ. ಮೊದಲ ಚಮಚ ಬಾಯಿಗಿಟ್ಟೆ. ಅಮ್ಮ ನುಂಗಿದಳು, ಕಣ್ಣು ಮುಚ್ಚಿದಳು, ಆಮೇಲೆ ಎಡಗೈಯಿಂದ ಮಂಚದ ಪಕ್ಕದ ಊರುಗೋಲು ಎತ್ತಿ ನೆಲಕ್ಕೆ ಎರಡು ಸಲ ಕುಟ್ಟಿದಳು. ಟಕ್, ಟಕ್.

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅದು ಅವಳ ಅಡುಗೆಮನೆಯ ಭಾಷೆ. ಆಸ್ಪತ್ರೆಯ ಆ ದೊಡ್ಡ ಅಡುಗೆಮನೆಯಲ್ಲಿ ಒಲೆಗಳ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಅಮ್ಮ ಸೌಟಿನಿಂದ ಹಂಡೆಯ ಅಂಚಿಗೆ ಬಡಿಯುತ್ತಿದ್ದಳು. ಒಂದು ಸಲ ಅಂದರೆ ಸರಿಯಾಗಿದೆ, ಇಳಿಸು. ಎರಡು ಸಲ ಅಂದರೆ ಉಪ್ಪೋ ಹುಳಿಯೋ ಕಮ್ಮಿ, ನೋಡು. ಮೂರು ಸಲ ಅಂದರೆ ಕೈಲಿರುವುದನ್ನು ಬಿಟ್ಟು ಇಲ್ಲಿ ಬಾ. ಶಾಲೆ ಬಿಟ್ಟ ಮೇಲೆ ಅಲ್ಲಿಯ ಮೂಟೆಗಳ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದ ನನಗೂ ತಮ್ಮನಿಗೂ ಮೂರು ಪೆಟ್ಟು ಕೇಳಿದರೆ ಖುಷಿಯೋ ಖುಷಿ. ಬಿಸಿ ಬಟ್ಟಲು ಕಾಯುತ್ತಿದೆ, ಅಮ್ಮನಿಗೆ ಐದು ನಿಮಿಷ ಬಿಡುವಾಗಿದೆ ಎಂದರ್ಥ.

ಚಿಟಿಕೆ ಉಪ್ಪು ಹಾಕಿ ತಂದೆ. ಟಕ್. ಒಂದೇ.

ಫೆಬ್ರವರಿ 2

ಚಮಚ: ಇಪ್ಪತ್ತಾರು.

ನನಗೆ ಸಣ್ಣ ಪಾತ್ರೆಯಲ್ಲಿ ಅಡುಗೆ ಮಾಡಲು ಬರುವುದಿಲ್ಲ, ಇದು ಅಮ್ಮನಿಂದ ಬಂದ ಕಾಯಿಲೆ. ಒಬ್ಬಳಿಗೆ ಎಂದು ಇಟ್ಟ ಸೂಪು ಆರು ಜನಕ್ಕಾಗಿತ್ತು. ಎದುರು ಮನೆಯ ಕಂಡಕ್ಟರಿಗೆ ಒಂದು ಡಬ್ಬಿ ಕೊಟ್ಟು ಬಂದೆ. ಬಸ್ಸಿನಿಂದ ರಿಟೈರಾದ ಒಂಟಿ ಮನುಷ್ಯ. ಹೋದ ವಾರ ಉಳಿದಿದ್ದ ಹಲ್ಲನ್ನೆಲ್ಲ ಕೀಳಿಸಿಕೊಂಡು ಗಲ್ಲ ಹಿಡಿದು ಕೂತಿದ್ದರು. ಸಂಜೆ ಡಬ್ಬಿ ತೊಳೆದು ತಂದರು.

"ನಾಳೆನೂ ಮಾಡ್ತೀರಾ ತಾಯಿ?"

"ಅಮ್ಮನಿಗೆ ಮಾಡಲೇಬೇಕಲ್ಲ."

"ಹಾಗಾದ್ರೆ ನನಗೊಂದು ಸೀಟು ಹಿಡಿದಿಡಿ."

ಫೆಬ್ರವರಿ 19

ಚಮಚ: ಮೂವತ್ತು.

ಕಂಡಕ್ಟರ್ ಬಾಯಲ್ಲಿ ಹಲ್ಲಿಲ್ಲ, ಆದರೆ ನಾಲಿಗೆ ಇದೆಯಲ್ಲ! ಬೀದಿಗೆಲ್ಲ ಡಂಗುರ ಹೊಡೆದಿದ್ದಾರೆ. ಇವತ್ತು ಬಾಗಿಲಿಗೆ ಹನ್ನೊಂದು ಡಬ್ಬಿ ಬಂದವು. ಬಾಣಂತಿಯೊಬ್ಬಳಿಗೆ, ಜ್ವರದಲ್ಲಿ ಮಲಗಿದವನೊಬ್ಬನಿಗೆ, ಉಳಿದದ್ದೆಲ್ಲ ಬಾಯಿ ಚಪಲಕ್ಕೆ.

ತಮ್ಮ ಮೆಟ್ಟಿಲ ಮೇಲೆ ಕೂತು ಡಬ್ಬಿಗಳನ್ನೇ ನೋಡುತ್ತಿದ್ದ. "ಅಕ್ಕಾ, ಕೆಳಗೆ ಅಪ್ಪನ ಸೈಕಲ್ ಅಂಗಡಿ ಸುಮ್ನೆ ಮುಚ್ಚಿಕೊಂಡು ಬಿದ್ದಿದೆ. ನಾಲ್ಕು ಮೇಜು ಹಾಕಿದ್ರೆ?"

"ನಿನಗೆ ಬೇರೆ ಕೆಲಸ ಇಲ್ವಾ?"

"ಇಲ್ಲ" ಎಂದ. ಅದು ನಿಜ, ಅವನು ಕೆಲಸಕ್ಕಿದ್ದ ಗೋದಾಮು ಮುಚ್ಚಿ ಮೂರು ತಿಂಗಳಾಗಿದೆ. ನಾಲಿಗೆ ಕಚ್ಚಿಕೊಂಡೆ.

ಅಮ್ಮನ ಮುಂದೆ ಹೋಗಿ ಹೇಳಿದೆವು. ಅವಳು ಕೋಲಿನ ತುದಿಯಿಂದ ಬಟ್ಟಲನ್ನು ತೋರಿಸಿದಳು, ಆಮೇಲೆ ತನ್ನ ಎದೆಯನ್ನು. ತಮ್ಮನಿಗೆ ಮೊದಲು ಅರ್ಥವಾಯಿತು. "ಮೊದಲನೇ ಬಟ್ಟಲು ದಿನಾ ನಿನಗೆ. ನೀನು ಕುಟ್ಟಿದ ಮೇಲೇ ಶಟರ್ ಎತ್ತೋದು. ಆಯ್ತಾ?" ಟಕ್. ಬಾಯಿ ಒಂದು ಕಡೆ ಓರೆಯಾಗಿದ್ದರೂ ಅದು ನಗುವೇ ಎಂದು ನನಗೆ ಗೊತ್ತು.

ಮಾರ್ಚ್ 4

ಅಂಗಡಿ ಶುರುವಾಯಿತು. ನಾಲ್ಕು ಮೇಜು, ಎರಡು ಬಗೆಯ ಸೂಪು, ಬಾರ್ಲಿ ಮತ್ತು ಕುಂಬಳಕಾಯಿ. ನಾನು ಒಲೆಗೆ, ತಮ್ಮ ಬಡಿಸಲು, ಅವನ ಹೆಂಡತಿ ತೊಳೆಯಲು. ಅಮ್ಮನಿಗೆ ಮೊದಲ ಬಟ್ಟಲು ಕುಡಿಸಿ, ಅವಳು ಕಣ್ಣು ಮುಚ್ಚಿಕೊಂಡು ಯೋಚಿಸುತ್ತಿರುವಾಗಲೇ ಕೆಳಗೆ ಓಡಿ ಬಂದೆ. ಶಟರ್ ಅರ್ಧ ಎತ್ತಿತ್ತು, ಹೊರಗೆ ಏಳು ಜನರ ಕಾಲು ಕಾಣುತ್ತಿದ್ದವು. ಎಲ್ಲರೂ ತಲೆ ಮೇಲೆತ್ತಿ ಕಾದೆವು.

ಟಕ್, ಟಕ್.

ಎರಡು! ಮೊದಲ ದಿನವೇ ಮಾನ ಹರಾಜು. ಶಟರಿನ ಕೆಳಗಿಂದ ಕಂಡಕ್ಟರ್ ತಲೆ ತೂರಿಸಿ "ಏನಂತೆ?" ಎಂದರು.

"ಒಂದು ಅಂದ್ರೆ ಸರಿ, ಎರಡು ಅಂದ್ರೆ ಉಪ್ಪು" ಎಂದ ತಮ್ಮ.

"ಓಹೋ! ನಮ್ ಬಸ್ಸಿನ ಸೀಟಿ ಥರ. ಆದ್ರೆ ಉಲ್ಟಾ. ನಮ್ದು ಒಂದು ಊದಿದ್ರೆ ನಿಲ್ಲು, ಎರಡು ಊದಿದ್ರೆ ಹೊರಡು."

ಉಪ್ಪು ಹಾಕಿ ಮತ್ತೆ ಮೇಲೆ ಓಡಿದೆ. ಟಕ್. ಹೊರಗಿದ್ದವರು ಚಪ್ಪಾಳೆ ತಟ್ಟಿದರು. ಕಂಡಕ್ಟರ್ ಮೂಲೆಯ ಮೇಜು ಹಿಡಿದು, ಮೇಲಿನ ಮನೆಯಿಂದ ಗೋಡೆಗುಂಟ ಇಳಿದು ಬರುವ ಹಳೇ ನೀರಿನ ಪೈಪಿಗೆ ತಲೆ ಆನಿಸಿ ಕೂತರು. ಇನ್ನು ಮೇಲೆ ಅದು ಅವರ ಸೀಟಂತೆ. ಮೂರರ ವಿಷಯ ಯಾರಿಗೂ ಹೇಳಲಿಲ್ಲ. ಅದು ಮನೆಯೊಳಗಿನ ಮಾತು.

ಚಮಚ: ಮೂವತ್ತೊಂದು. ಬಟ್ಟಲು: ನಲವತ್ತು.

ಮಾರ್ಚ್ 29

ಮಧ್ಯಾಹ್ನ ಅಂಗಡಿ ತುಂಬಿರುವಾಗ ಮೂರು ಪೆಟ್ಟು ಬಿತ್ತು. ಸೌಟನ್ನು ಎಲ್ಲಿ ಎಸೆದೆನೋ, ಮೆಟ್ಟಿಲನ್ನು ಹೇಗೆ ಹತ್ತಿದೆನೋ. ಹೋಗಿ ನೋಡಿದರೆ ಏನೂ ಆಗಿಲ್ಲ. ಅಮ್ಮ ಮಂಚದ ಅಂಚನ್ನು ತಟ್ಟಿ, ಕೂತುಕೋ ಎಂದಳು. ಕೂತೆ. ನನ್ನ ಕೈ ಹಿಡಿದು ತಿರುಗಿಸಿ ಒಂದೊಂದೇ ಬೆರಳು ನೋಡಿದಳು. ಬೊಬ್ಬೆ ಎದ್ದಿದ್ದ ಬೆರಳು ಸಿಕ್ಕಿದ ಮೇಲೆ ಅದಕ್ಕೆ ಊದಿದಳು. ಬಾಯಿ ಓರೆಯಾದ್ದರಿಂದ ಗಾಳಿ ಬೇರೆಲ್ಲೋ ಹೋಯಿತು. ಅಷ್ಟರಲ್ಲಿ ಕೆಳಗಿಂದ "ಅಕ್ಕಾ!" ಎಂದು ತಮ್ಮ ಕೂಗಿದ.

"ಸುಮ್‌ಸುಮ್ನೆ ಕರೀಬೇಡಮ್ಮ, ನನ್ನ ಎದೆ ಒಡೆದುಹೋಗುತ್ತೆ" ಎಂದು ಹೇಳಿ ಇಳಿದು ಬಂದೆ. ಸ್ವಲ್ಪ ಜೋರಾಗಿಯೇ ಹೇಳಿದೆನೇನೋ.

ಚಮಚ: ಮೂವತ್ತರ ಸುಮಾರು. ಬಟ್ಟಲು: ತೊಂಬತ್ತು.

ಮೇ 6

ತಿಂಗಳು ತಿಂಗಳು ರಜೆ ಎಳೆದದ್ದು ಸಾಕೆಂದು ಕಾರ್ಖಾನೆಗೆ ರಾಜೀನಾಮೆ ಬರೆದು ಕಳಿಸಿದೆ. ಇಪ್ಪತ್ತು ವರ್ಷ ಅಂಗಿಯ ಕಾಲರ್ ಹೊಲಿದೆ. ಯಾವನಾದರೂ ಒಬ್ಬ, ಒಂದೇ ಒಂದು ದಿನ, ಈ ಕಾಲರ್ ಯಾರು ಹೊಲಿದದ್ದು ಎಂದು ಕೇಳಿದ್ದನೇ? ಇವತ್ತು ಬ್ಯಾಂಕಿನ ಮೇಡಂ ಒಬ್ಬರು ಬಟ್ಟಲು ಕೆಳಗಿಟ್ಟು, "ಇದನ್ನ ಮಾಡಿದವರ ಕೈ ತೋರಿಸಿ" ಎಂದರು. ನಾಚಿಕೆಯಾಯಿತು, ಸೆರಗಿನಲ್ಲಿ ಒರೆಸಿಕೊಂಡು ತೋರಿಸಿದೆ. ನಲವತ್ತಮೂರು ವರ್ಷಕ್ಕೆ ನನ್ನ ಕೈಯನ್ನು ಯಾರೋ ನೋಡಿದರು.

ಅಮ್ಮ ಎಡಗೈಯಲ್ಲಿ ತಾನೇ ಚಮಚ ಹಿಡಿಯಲು ಕಲಿತಿದ್ದಾಳೆ. ಡಾಕ್ಟರಿಗೆ ಖುಷಿ. ನನಗೂ ಎಷ್ಟೋ ಹಗುರ, ಬಟ್ಟಲು ಇಟ್ಟು ಬಂದರಾಯಿತು. ಇನ್ನು ಚಮಚ ಎಣಿಸುವ ಅಗತ್ಯವಿಲ್ಲ.

ಜೂನ್ 11

ಪಕ್ಕದ ಕೋಣೆಯ ಗಡಿಯಾರ ರಿಪೇರಿಯವರು ಕಣ್ಣು ಕಾಣುವುದಿಲ್ಲವೆಂದು ಅಂಗಡಿ ಮುಚ್ಚುತ್ತಿದ್ದಾರೆ. "ನೀವೇ ತಗೊಳ್ಳಿ. ನಿಮ್ಮ ಸೂಪಿನ ವಾಸನೆ ಕುಡಿದೇ ಮೂರು ತಿಂಗಳು ಬದುಕಿದ್ದೀನಿ" ಎಂದರು. ಗೋಡೆ ಒಡೆಸುತ್ತಿದ್ದೇವೆ. ಹದಿನೆಂಟು ಮೇಜು ಹಿಡಿಯುತ್ತವೆ ಎಂದು ತಮ್ಮ ಸೀಮೆಸುಣ್ಣದಲ್ಲಿ ನೆಲದ ತುಂಬ ಚೌಕ ಬರೆದಿದ್ದಾನೆ. ನಾನು ಒಂದೊಂದು ಚೌಕದಲ್ಲೂ ನಿಂತು ನೋಡಿದೆ. ಕೋಳಿ ಸೂಪೂ ಶುರು ಮಾಡಬೇಕು. ದೊಡ್ಡ ಮಿಕ್ಸಿ ಬೇಕು, ಹೊಗೆ ಎಳೆಯುವ ಫ್ಯಾನ್ ಬೇಕು, ಉದ್ದ ಹಿಡಿಯ ಸೌಟು ಬೇಕು. ತಲೆ ಕೆರೆದುಕೊಳ್ಳಲು ಪುರುಸೊತ್ತಿಲ್ಲ.

ಅಮ್ಮ ಧೂಳಿಗೆ ಕೆಮ್ಮುತ್ತಿದ್ದಾಳೆ. ಕಿಟಕಿಗೆ ಬಟ್ಟೆ ಕಟ್ಟಿದೆ.

ಜೂನ್ 30

ಸೀಲಿಂಗ್ ಕೆಲಸದವನು ಬಂದಿದ್ದ. ಫಾಲ್ಸ್ ಸೀಲಿಂಗ್ ಬೇಡ, ದಂಡ ಎಂದು ನಾನೇ ಅಡ್ಡ ಬಂದಿದ್ದೆ. ಅವನು ತೊಲೆಯ ಕಡೆ ಕೈ ತೋರಿಸಿ ಕೇಳಿದ: "ಮೇಲೆ ಯಾರಿದ್ದಾರೆ?"

"ನಮ್ಮಮ್ಮ. ಹುಷಾರಿಲ್ಲ."

"ಹದಿನೆಂಟು ಮೇಜಿನ ಗಲಾಟೆ, ಮಿಕ್ಸಿ, ಫ್ಯಾನು, ಎಲ್ಲಾ ನೇರ ಅವರ ತಲೆಗೆ ಹೋಗುತ್ತೆ ಅಕ್ಕಾ. ನಾನು ಒಳಗೆ ದಪ್ಪ ಹತ್ತಿ ಹಾಸ್ತೀನಿ. ಕೆಳಗಿನ ಸದ್ದು ಒಂದು ಚೂರೂ ಮೇಲೆ ಹೋಗಲ್ಲ. ಹಾಯಾಗಿ ನಿದ್ದೆ ಮಾಡ್ತಾರೆ."

ಆ ಮಾತಿಗೆ ಒಪ್ಪಿಬಿಟ್ಟೆ. ಅಮ್ಮನಿಗಾಗಿ ಅಲ್ಲದಿದ್ದರೆ ಖಂಡಿತ ಒಪ್ಪುತ್ತಿರಲಿಲ್ಲ. ತಮ್ಮ ಒಂದು ಕರೆಗಂಟೆಯನ್ನೂ ತಂದ, ಅಮ್ಮನ ಮಂಚಕ್ಕೆ ಗುಂಡಿ, ಅಡುಗೆಮನೆಗೆ ಗಂಟೆ. ಕರೆಂಟಿನವನು ಫ್ಯಾನಿನ ತಂತಿ ಎಳೆಯುವುದರಲ್ಲೇ ಸುಸ್ತಾಗಿ, ಮುಂದಿನ ವಾರ ಹಾಕಿಕೊಡುತ್ತೇನೆ ಎಂದು ಹೋದ. ಪೊಟ್ಟಣ ಡ್ರಾಯರಿನಲ್ಲಿಟ್ಟಿದ್ದೇನೆ.

ಜುಲೈ 4

ದೊಡ್ಡ ಅಂಗಡಿಯ ಮೊದಲ ದಿನ. ಬಿಳಿ ಸೀಲಿಂಗು, ಹಳದಿ ದೀಪ, ನಮ್ಮದೇ ಅಂಗಡಿಯೋ ಅಲ್ಲವೋ ಎನ್ನುವ ಹಾಗಿತ್ತು. ತಮ್ಮನ ಹೆಂಡತಿ ಮೊದಲ ಬಟ್ಟಲು ಮೇಲೆ ಕೊಟ್ಟು ಬಂದಳು. ಕಾದೆವು. ಫ್ಯಾನು ತಿರುಗುತ್ತಿತ್ತು.

"ಕುಟ್ಟಿದಳು" ಎಂದ ತಮ್ಮ.

"ಹೌದಾ? ಎಷ್ಟು?"

"ಒಂದೇ. ನಿನಗೆ ಕೇಳಿಸಲಿಲ್ವಾ?"

ಹೊರಗೆ ಜನ ರಸ್ತೆಯವರೆಗೂ ನಿಂತಿದ್ದರು. ನನಗೂ ಕೇಳಿಸಿದ ಹಾಗೇ ಅನ್ನಿಸಿತು. ಶಟರ್ ಎತ್ತಿದೆವು.

ಬಟ್ಟಲು: ಇನ್ನೂರ ಹತ್ತು.

ಜುಲೈ 22

ಅಮ್ಮ ತಪ್ಪು ಹಿಡಿಯುವುದನ್ನೇ ಬಿಟ್ಟಿದ್ದಾಳೆ. ಎರಡು ಪೆಟ್ಟು ಬಿದ್ದು ಎಷ್ಟು ದಿನವಾಯಿತು! ಈಗ ನಾವು ಕಾಯುವುದೂ ಇಲ್ಲ, ಬಟ್ಟಲು ಮೇಲೆ ಹೋದ ಕೂಡಲೇ ಶಟರ್ ಎತ್ತುತ್ತೇವೆ. ಮೂವತ್ತು ವರ್ಷದ ಸೌಟು ಅದು, ಅದರ ಬಾಯಿ ಮುಚ್ಚಿಸುವುದೆಂದರೆ ಆಟವಲ್ಲ. ಕೈ ಪಳಗಿದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಬಟ್ಟಲು: ಇನ್ನೂರ ಅರವತ್ತು.

ಆಗಸ್ಟ್ 8

"ಅತ್ತೆ ಬಟ್ಟಲು ಅರ್ಧ ಬಿಟ್ಟಿದ್ರು ಅತ್ತಿಗೆ" ಎಂದಳು ತಮ್ಮನ ಹೆಂಡತಿ. "ನಿಮ್ಮನ್ನ ಕೇಳ್ತಿದ್ರು."

"ಮಾತೇ ಬರಲ್ಲ, ಹೇಗೆ ಕೇಳಿದ್ರು?"

"ನಾನು ಒಳಗೆ ಹೋದ ತಕ್ಷಣ ನನ್ನ ಹಿಂದೆ ನೋಡ್ತಾರೆ. ಬಾಗಿಲನ್ನ."

ಸೆಕೆಗೆ ಹಸಿವಾಗುವುದಿಲ್ಲ, ಟೊಮೇಟೊ ಸೂಪು ಸ್ವಲ್ಪ ತಣ್ಣಗೆ ಮಾಡಿಕೊಡು ಎಂದೆ. ಸಂಜೆ ಬೇಗ ಹತ್ತಿ ಹೋಗಬೇಕೆಂದಿದ್ದೆ. ಆಫೀಸಿನವರು ಹದಿನಾಲ್ಕು ಜನ ಒಟ್ಟಿಗೇ ಬಂದುಬಿಟ್ಟರು.

ಆಗಸ್ಟ್ 27

ಅಂಗಡಿ ಮುಚ್ಚಿ ಮೇಲೆ ಹೋದಾಗ ಅಮ್ಮ ಎದ್ದೇ ಕೂತಿದ್ದಳು. ಕೋಲಿನಿಂದ ನೆಲವನ್ನು ತೋರಿಸಿದಳು, ಆಮೇಲೆ ತನ್ನ ಕಿವಿಯನ್ನು, ಮತ್ತೆ ನೆಲವನ್ನು. ನೋಡಿದರೆ ಮಂಚದ ಪಕ್ಕ ಗಾರೆಯ ಪುಡಿ ಬಿದ್ದಿತ್ತು. ಇವಳ ಶುಚಿಯ ಹುಚ್ಚು ಇನ್ನೂ ಹೋಗಿಲ್ಲವಲ್ಲ ಎಂದುಕೊಂಡು ಪೊರಕೆ ತಂದು ಗುಡಿಸಿದೆ. ಅಮ್ಮ ಕೋಲಿನಿಂದ ನನ್ನ ಕಾಲಿಗೆ ಮೆಲ್ಲಗೆ ಹೊಡೆದಳು. "ಗುಡಿಸಿದೆನಲ್ಲಮ್ಮ, ಇನ್ನೇನು?" ಎಂದೆ. ಗೋಡೆಗೆ ಮುಖ ಮಾಡಿ ಮಲಗಿದಳು. ಕಾಲು ನೋವು ತಡೆಯಲಾಗದೆ ನಾನೂ ಬಿದ್ದುಕೊಂಡೆ.

ಸೆಪ್ಟೆಂಬರ್ 15

ಬೋರ್ಡು ಬಂತು. "ಅಮ್ಮನ ಬಟ್ಟಲು." ಕೆಳಗೆ ಸಣ್ಣಕ್ಷರದಲ್ಲಿ, ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ. ಅದರ ಕೆಳಗೆ ಇನ್ನೂ ಸಣ್ಣಕ್ಷರದಲ್ಲಿ, ಪ್ರತಿದಿನ ಅಮ್ಮ ರುಚಿ ನೋಡಿದ ಮೇಲೆಯೇ ನಿಮಗೆ. ತಮ್ಮನದೇ ತಲೆ. ಏಣಿ ಇಳಿದವನು ಬೋರ್ಡು ನೋಡಿ ಕಣ್ಣೊರೆಸಿಕೊಂಡ, ಅವನನ್ನು ನೋಡಿ ನಾನೂ. ಅಪ್ಪನ ಪಂಚರ್ ಅಂಗಡಿಯ ಮಕ್ಕಳು ನಾವು.

ಅಮ್ಮನಿಗೆ ತೋರಿಸಬೇಕು. ಕೆಳಗಿಳಿಸಿ ಕರೆತರಲು ಇಬ್ಬರು ಬೇಕು, ಒಂದು ರಜೆಯ ದಿನ ನೋಡಿ ಮಾಡಬೇಕು.

ಬಟ್ಟಲು: ಮುನ್ನೂರು!!

ಅಕ್ಟೋಬರ್ 3

ಎರಡನೇ ಅಂಗಡಿಗೆ ಜಾಗ ನೋಡಿ ಬಂದೆವು. ಅಮ್ಮ ಹಾಗೇ ಇದ್ದಾಳೆ.

ಅಕ್ಟೋಬರ್ 11

ಅಮ್ಮ ಹೋದಳು.

ಮೂರು ಗಂಟೆಗೆ ತಮ್ಮನ ಹೆಂಡತಿ ಖಾಲಿ ಬಟ್ಟಲು ತರಲು ಹೋಗಿದ್ದಳು. ಬಟ್ಟಲು ಖಾಲಿಯಾಗಿರಲಿಲ್ಲ. ಅವಳು ಮೆಟ್ಟಿಲ ಮೇಲೆ ನಿಂತು ನನ್ನನ್ನು ಕೂಗಿದಳಂತೆ. ಮಿಕ್ಸಿ ತಿರುಗುತ್ತಿತ್ತು. ಕೊನೆಗೆ ಕೆಳಗೆ ಬಂದು ನನ್ನ ಕೈಯಿಂದ ಸೌಟು ತೆಗೆದಿಟ್ಟಳು. ನಾನು ಅವಳಿಗೆ ಬೈದೆ, ಹದಿನೇಳನೇ ಮೇಜಿನವರು ಕಾಯುತ್ತಿದ್ದಾರೆ ಎಂದು.

ಕೋಲು ಅಮ್ಮನ ಎಡಗೈಯಲ್ಲೇ ಇತ್ತು.

ಅಕ್ಟೋಬರ್ 16

ಬೆಳಿಗ್ಗೆ ಎದ್ದು ಒಂದು ಬಟ್ಟಲು ಸೂಪು ಮಾಡಿದೆ, ಮೊದಲ ಸಲ ಸರಿಯಾಗಿ ಒಂದೇ ಬಟ್ಟಲು. ಎಲ್ಲಿಗೆ ಒಯ್ಯಬೇಕೆಂದು ತಿಳಿಯದೆ ನಿಂತಿದ್ದೆ.

ಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ. ಪುಣ್ಯವಂತೆ, ಮಗಳ ಕೈಯಲ್ಲಿ ಬಿಸಿಬಿಸಿ ಕುಡಿದುಕೊಂಡು ಹೋದರು, ಎಷ್ಟು ಜನಕ್ಕೆ ಆ ಭಾಗ್ಯ ಇದೆ? ಹೌದು ಎನ್ನುತ್ತೇನೆ. ಅವರು ಹೋದ ಮೇಲೆ ಈ ಪುಸ್ತಕ ತಿರುವಿದೆ. ಚಮಚ ಎಂದು ಕೊನೆಯ ಸಲ ಲೆಕ್ಕ ಬರೆದದ್ದು ಮಾರ್ಚ್ 29. ಅದೂ "ಸುಮಾರು" ಎಂದು.

ಅಕ್ಟೋಬರ್ 24

ತಮ್ಮನ ಒತ್ತಾಯಕ್ಕೆ ಇವತ್ತು ಅಂಗಡಿ ತೆರೆದೆವು. ಮೊದಲು ಬಂದವರು ಕಂಡಕ್ಟರ್. ಎಂದಿನ ಮೂಲೆಯಲ್ಲೇ ಪೈಪಿಗೆ ತಲೆ ಆನಿಸಿ ಕೂತರು. ನಾನೇ ಬಟ್ಟಲು ತಂದಿಟ್ಟೆ.

"ಪೈಪು ಸುಮ್ಮನಾಗಿಬಿಟ್ಟಿದೆ ತಾಯಿ."

"ಯಾವ ಪೈಪು?"

"ಇದೇ. ಅಮ್ಮನ ಕೋಲಿನ ಸದ್ದು ಇದರಲ್ಲಿ ಇಳಿದು ಬರ್ತಿತ್ತಲ್ಲ. ಒಂದು ಅಂದ್ರೆ ಸರಿ, ಎರಡು ಅಂದ್ರೆ ಉಪ್ಪು, ಅದು ನನಗೆ ಗೊತ್ತು. ಮೂರು ಅಂದ್ರೆ ಏನು?"

ಇಟ್ಟ ಬಟ್ಟಲನ್ನೇ ಮತ್ತೆ ಅವರ ಹತ್ತಿರಕ್ಕೆ ಸರಿಸಿದೆ.

"ಯಾಕೆ ಕೇಳ್ತೀರಾ?"

"ದಿನಾ ಮೂರೇ ಹೊಡೀತಿದ್ರಲ್ಲ, ಅದಕ್ಕೆ ಕೇಳಿದೆ. ಟಕ್ ಟಕ್ ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್ ಟಕ್ ಟಕ್. ನಾನು ಕೂತಿರೋಷ್ಟು ಹೊತ್ತೂ."

"ಯಾವಾಗಿಂದ?"

"ಅಂಗಡಿ ದೊಡ್ಡದು ಮಾಡಿದ್ರಲ್ಲ, ಅವಾಗಿಂದ."

"ಒಂದು ಮಾತು ನನಗೆ ಹೇಳಬಾರದಿತ್ತಾ?"

"ಅಯ್ಯೋ, ನಿಮಗೆ ಕೇಳಿಸ್ತಿಲ್ಲ ಅಂತ ನನಗೇನು ಗೊತ್ತು ತಾಯಿ? ನನಗೇ ಕೇಳಿಸಿದ್ದು ಮಗಳಿಗೆ ಕೇಳಿಸಿರಲ್ವಾ ಅಂದ್ಕೊಂಡೆ. ನಿಮ್ಮನೆ ವಿಷಯ, ನಾನ್ಯಾಕೆ ಬಾಯಿ ಹಾಕಲಿ?"

ಅವರ ತಪ್ಪಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ನನ್ನನ್ನೇ ನೋಡುತ್ತಿದ್ದರು, ಏನೋ ತಪ್ಪು ಮಾಡಿದವರ ಹಾಗೆ. ನಾನು ಕುರ್ಚಿ ಹಿಡಿದುಕೊಂಡು ಹೇಳಿದೆ: "ಮೂರು ಅಂದ್ರೆ ಬಹಳ ಚೆನ್ನಾಗಿದೆ ಅಂತ."

"ಅದೇ ಅಂದ್ಕೊಂಡಿದ್ದೆ ನೋಡಿ!" ಎಂದು ಸಮಾಧಾನದಿಂದ ಚಮಚ ಎತ್ತಿದರು. ಎರಡು ಗುಟುಕು ಕುಡಿದ ಮೇಲೆ ಏನೋ ನೆನಪಾಗಿ ನಿಲ್ಲಿಸಿದರು. "ಕೊನೇ ದಿನ ಮಾತ್ರ ಒಂದೇ ಹೊಡೆದ್ರು. ಕಾಯ್ತಾ ಇದ್ದೆ, ಮತ್ತೆ ಬರಲಿಲ್ಲ."

ಒಂದು ಅಂದರೆ ಸರಿಯಾಗಿದೆ, ಇಳಿಸು. ಅವಳು ಹಾಗೇ ಹೇಳಿದಳೋ, ಅಥವಾ ಮೂರು ಹೊಡೆಯಲು ಹೋಗಿ ಒಂದಕ್ಕೇ ಕೈ ಸೋತಿತೋ? ಬೆಳಗಿನಿಂದ ಇದನ್ನೇ ಯೋಚಿಸುತ್ತಿದ್ದೇನೆ. ಯಾರನ್ನು ಕೇಳಲಿ?

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈ ಗಾದೆಯನ್ನು ನಮಗೆ ಹೇಳಿಕೊಟ್ಟವಳೂ ಅವಳೇ.

ಅಕ್ಟೋಬರ್ 25

ತಮ್ಮನಿಗೆ ಹೇಳಿದೆ. ಅವನು ನಂಬಲಿಲ್ಲ. "ಸಾಧ್ಯವೇ ಇಲ್ಲ ಅಕ್ಕಾ. ಮೊದಲ ದಿನ ನನಗೆ ಕೇಳಿಸಿತ್ತು. ನಾನೇ ನಿನಗೆ ಹೇಳಿದೆನಲ್ಲ" ಎಂದ. ಹೇಳುತ್ತಾ ಹೇಳುತ್ತಾ ಅವನ ದನಿ ಸಣ್ಣದಾಯಿತು. "ಇರು, ಈಗಲೇ ನೋಡೋಣ. ನೀನು ಮೇಲೆ ಹೋಗು. ನಾನು ಕೆಳಗೆ ಒಲೆ ಹತ್ತಿರ ನಿಂತಿರ್ತೀನಿ, ಫೋನು ಕಿವಿಗೆ ಹಿಡ್ಕೊಂಡು. ಎಲ್ಲಾ ಹಾಕ್ತೀನಿ, ಫ್ಯಾನು, ಮಿಕ್ಸಿ, ಎಲ್ಲಾ. ಕೇಳಿಸುತ್ತೆ ನೋಡು."

ಹೋಗುವ ಮೊದಲು ಡ್ರಾಯರ್ ಎಳೆದೆ. ಕರೆಗಂಟೆಯ ಪೊಟ್ಟಣ ಹಾಗೇ ಇತ್ತು, ಬಿಚ್ಚಿರಲಿಲ್ಲ. ಅವನೂ ನೋಡಿದ. ಡ್ರಾಯರ್ ಮುಚ್ಚಿ ಮೆಟ್ಟಿಲು ಹತ್ತಿದೆ.

ಅಮ್ಮನ ಮಂಚದ ಮೇಲೆ ಅವಳು ಕೂರುತ್ತಿದ್ದಲ್ಲೇ ಕೂತೆ. ಮಂಚದ ಪಕ್ಕದ ನೆಲದಲ್ಲಿ ಒಂದು ಗುಳಿ ಇದೆ. ನಾನು ಪೊರಕೆ ಆಡಿಸಿದ ಜಾಗ. ನಮ್ಮ ಸಣ್ಣ ಬಟ್ಟಲು ಕೂರುವಷ್ಟು ಅಗಲ, ನನ್ನ ಹೆಬ್ಬೆರಳಿನಷ್ಟು ಆಳ. ಗಾರೆ ಹೋಗಿ ಒಳಗಿನ ಇಟ್ಟಿಗೆ ಕಾಣುತ್ತಿತ್ತು. ಕೋಲು ಎಡಗೈಗೆ ತೆಗೆದುಕೊಂಡೆ. ಅದರ ತುದಿಯ ರಬ್ಬರು ಸವೆದು ಮರ ಬಂದಿತ್ತು.

ಎಡಗೈಯಲ್ಲಿ ಅದನ್ನು ಎತ್ತುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಮೂರು ಸಲ ಕುಟ್ಟಿದೆ. ಬಿಟ್ಟು ಮತ್ತೆ ಮೂರು ಸಲ. ತೋಳು ಸೆಳೆಯತೊಡಗಿತು. ಮತ್ತೆ ಮೂರು ಸಲ, ಇದ್ದಬದ್ದ ಶಕ್ತಿಯೆಲ್ಲ ಹಾಕಿ. ಕಿಟಕಿಯ ಗಾಜು ನಡುಗಿತು.

ಫೋನಿನಲ್ಲಿ ಫ್ಯಾನಿನ ಸದ್ದು, ಅದರ ನಡುವೆ ತಮ್ಮನ ದನಿ.

"ಅಕ್ಕಾ, ನಾನು ರೆಡಿ. ನೀನು ಹೊಡಿ ಇನ್ನು, ಕಾಯ್ತಾ ಇದ್ದೀನಿ."